ಈಜಿ ಬಂದ ಮಗುವಿನ ಕಿವಿನೋವು



ಬೇಸಿಗೆ ರಜೆ ಬಂತೆಂದರೆ ಮಕ್ಕಳ ಕಾಲು ತಾನಾಗಿಯೇ ನೀರಿನ ಕಡೆಗೆ ಎಳೆಯುತ್ತದೆ. ರಾಯಚೂರು, ಕಲಬುರಗಿ, ಹೈದರಾಬಾದಿನಂಥ ಊರುಗಳಲ್ಲಿ ಇರುವವರಿಗೆ ಟಿಕೆಟ್ ಕೊಟ್ಟು ಇಳಿಯುವ ಈಜುಕೊಳಗಳಿವೆ. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ನಡಿಗಡ್ಡೆಯಲ್ಲಿರುವ ಇಟಿಕ್ಯಾಲದಂಥ ಊರಿನ ಮಕ್ಕಳಿಗೆ ಹೊಲದ ಬಾವಿ, ಕಾಲುವೆ, ಬೀಚುಪಲ್ಲಿಯ ಕಡೆ ಕೃಷ್ಣೆಯ ಮಡು, ಇವೇ ಈಜುಕೊಳ. ರಜೆಗೆ ಪಟ್ಟಣದ ಮಕ್ಕಳು ಹಳ್ಳಿಗೆ ಬಂದರೆ ಬಾವಿಗೆ ಹಾರುತ್ತಾರೆ, ಹಳ್ಳಿಯ ಮಕ್ಕಳು ಚಿಕ್ಕಮ್ಮನ ಮನೆಗೆ ಹೋದರೆ ಈಜುಕೊಳಕ್ಕೆ ಇಳಿಯುತ್ತಾರೆ. ಎರಡು ದಿನ ಬಿಟ್ಟು ಇಬ್ಬರೂ ಕಿವಿ ಹಿಡಿದುಕೊಂಡು ಅಳುತ್ತಾ ಕೂರುವುದುಂಟು.

ಇತ್ತೀಚೆಗೆ ತಂದೆತಾಯಂದಿರ ಬಾಯಲ್ಲಿ ಒಂದು ಪ್ರಶ್ನೆ ಮೇಲಿಂದ ಮೇಲೆ ಕೇಳಿಬರುತ್ತಿದೆ. ಸಾರ್ವಜನಿಕ ಈಜುಕೊಳದ ನೀರಿನಲ್ಲಿ ಯಾವ ಆಂಟಿಬಯೋಟಿಕ್‌ಗೂ ಬಗ್ಗದ ಬ್ಯಾಕ್ಟೀರಿಯಾ ಇರುತ್ತವಂತೆ, ಹೌದೇ? ಹಾಗಾದರೆ ಮಕ್ಕಳನ್ನು ಕಳಿಸುವುದೇ ಬೇಡವೇ? ಇರಬಹುದು ಎಂಬುದು ಮೊದಲ ಪ್ರಶ್ನೆಗೆ ಉತ್ತರ. ಕಳಿಸಿ, ಆದರೆ ಕೆಲವು ಸಂಗತಿ ತಿಳಿದುಕೊಂಡು ಕಳಿಸಿ ಎಂಬುದು ಎರಡನೆಯದಕ್ಕೆ. ನಿಜ ಹೇಳಬೇಕೆಂದರೆ, ಸರಿಯಾಗಿ ನೋಡಿಕೊಂಡ ಕೊಳದ ನೀರಿಗಿಂತ ನಮ್ಮ ಮನೆಯ ಗೂಡಿನಲ್ಲಿ ಉಳಿದಿರುವ ಅರ್ಧ ಪಟ್ಟಿ ಮಾತ್ರೆಯ ಬಗ್ಗೆ ಹೆಚ್ಚು ಚಿಂತಿಸಬೇಕಾಗಿದೆ. ಈ ತಿಂಗಳು ಅದನ್ನೇ ನೋಡೋಣ.

ಮೊದಲು ಒಂದು ತಪ್ಪು ತಿಳಿವಳಿಕೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಎಂದರೆ ಹೆಚ್ಚು ವಿಷವಿರುವ ಬ್ಯಾಕ್ಟೀರಿಯಾ ಎಂದು ಹಲವರು ಭಾವಿಸುತ್ತಾರೆ. ಹಾಗೇನಿಲ್ಲ. ಅದು ತರುವ ಕಾಯಿಲೆ ಸಾಮಾನ್ಯವಾಗಿ ಅದೇ ಕಾಯಿಲೆ. ಐದು ದಿನದ ಮಾತ್ರೆಯಲ್ಲಿ ಹೋಗಬೇಕಾದದ್ದು ಹೋಗುವುದಿಲ್ಲ, ಅಷ್ಟೇ. ಆ ‘ಅಷ್ಟೇ’ಯಲ್ಲಿ ಎಲ್ಲವೂ ಇದೆ. ಮಾತ್ರೆಯ ಬದಲು ಇಂಜೆಕ್ಷನ್, ಮನೆಯ ಬದಲು ಆಸ್ಪತ್ರೆ, ನೂರು ರೂಪಾಯಿಯ ಬದಲು ಹತ್ತಾರು ಸಾವಿರ. ಹಸುಗೂಸು, ವಯಸ್ಸಾದವರು, ಆಪರೇಷನ್ ಆದವರು ಇವರ ಪಾಲಿಗೆ ಒಮ್ಮೊಮ್ಮೆ ಪ್ರಾಣವೇ. ಇಡೀ ಜಗತ್ತಿನಲ್ಲಿ 2019ರ ಒಂದೇ ವರ್ಷದಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಔಷಧ ನಿರೋಧದ ನೇರ ಕಾರಣದಿಂದ ತೀರಿಕೊಂಡರೆಂದು 2022ರಲ್ಲಿ ‘ಲ್ಯಾನ್ಸೆಟ್’ ವೈದ್ಯ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನ ಅಂದಾಜು ಮಾಡಿದೆ.

ಈ ನಿರೋಧ ಬ್ಯಾಕ್ಟೀರಿಯಾಗಳಿಗೆ ಎಲ್ಲಿಂದ ಬರುತ್ತದೆ? ಕೆಲವಕ್ಕೆ ಹುಟ್ಟಿನಿಂದಲೇ ಇರುತ್ತದೆ. ಕೆಲವು ತಮ್ಮೊಳಗೆ ನುಗ್ಗಿದ ಔಷಧಿಯನ್ನು ಪಂಪಿನಂತೆ ಹೊರಕ್ಕೆ ಎತ್ತಿ ಹಾಕುತ್ತವೆ. ಕೆಲವು ಔಷಧಿಯನ್ನೇ ತುಂಡರಿಸುವ ಕಿಣ್ವ ತಯಾರಿಸುತ್ತವೆ. ಎಲ್ಲಕ್ಕಿಂತ ಕಷ್ಟದ ಸಂಗತಿ ಎಂದರೆ, ಈ ವಿದ್ಯೆಯನ್ನು ಅವು ಒಂದಕ್ಕೊಂದು ದಾಟಿಸುತ್ತವೆ. ಪಕ್ಕದ ಮನೆಯಾಕೆ ಬಟ್ಟಲು ಹಿಡಿದು ಬಂದರೆ ನಾವು ಒಂದು ಚಮಚ ಹೆಪ್ಪು ಕೊಡುತ್ತೇವೆ. ನಮ್ಮ ಮೊಸರು ನಮ್ಮಲ್ಲೇ ಉಳಿಯುತ್ತದೆ, ಅವರ ಮನೆಯಲ್ಲೂ ಮೊಸರಾಗುತ್ತದೆ. ಬ್ಯಾಕ್ಟೀರಿಯಾಗಳೂ ಹಾಗೆಯೇ. ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್ಎ ಬಳೆಯನ್ನು ನಕಲು ಮಾಡಿ ಪಕ್ಕದ ಬ್ಯಾಕ್ಟೀರಿಯಾಕ್ಕೆ ಕೊಡುತ್ತವೆ. ಕೊಡುವುದಕ್ಕೆ ಒಂದೇ ಜಾತಿಯಾಗಿರಬೇಕು ಎಂಬ ಕಟ್ಟುಪಾಡೂ ಅವಕ್ಕಿಲ್ಲ. ನಮ್ಮ ಕರುಳು, ಚರಂಡಿ, ನಿಂತ ನೀರು ಇವೆಲ್ಲ ಈ ಕೊಡುಕೊಳ್ಳುವಿಕೆಯ ಸಂತೆಗಳು.

ಈಗ ಕಿವಿಗೆ ಬರೋಣ. ಈಜಿದ ಮೇಲೆ ಬರುವ ಕಿವಿನೋವಿಗೆ ‘ಈಜುಗಾರರ ಕಿವಿ’ ಎಂದೇ ಹೆಸರಿದೆ. ನೀರು ನಿಂತು ಕಿವಿಯ ಹೊರಗೊಳವೆಯ ಚರ್ಮ ಮೆತ್ತಗಾಗುತ್ತದೆ, ಅಲ್ಲಿ ಬ್ಯಾಕ್ಟೀರಿಯಾ ಕೂರುತ್ತವೆ. ಗುರುತಿಸುವುದು ಸುಲಭ. ಕಿವಿಯ ಹಾಲೆಯನ್ನು ಮೆಲ್ಲಗೆ ಎಳೆದರೆ, ಇಲ್ಲವೇ ಕಿವಿಯ ಬಾಯಲ್ಲಿರುವ ಪುಟ್ಟ ಉಬ್ಬನ್ನು ಒತ್ತಿದರೆ ಮಗು ಚೀರುತ್ತದೆ. ನೆಗಡಿ ಜ್ವರ ಬಂದು ಅದರ ಬೆನ್ನಿಗೇ ಬರುವ ಒಳಕಿವಿಯ ಕಡೆಯ ನೋವಿನಲ್ಲಿ ಸಾಮಾನ್ಯವಾಗಿ ಹೀಗಿರುವುದಿಲ್ಲ.

ಈ ಈಜುಗಾರರ ಕಿವಿಗೆ ಬಹುಪಾಲು ಕಾರಣವಾಗುವವು ಎರಡು. ಒಂದು ಸ್ಟೆಫಿಲೊಕಾಕಸ್. ಇನ್ನೊಂದು ಸ್ಯೂಡೋಮೊನಾಸ್, ಅಪ್ಪಟ ನೀರಿನ ಜೀವಿ. ಕೊಳಾಯಿಯ ಬಾಯಿ, ಷವರು, ತೊಟ್ಟಿಯ ಲೋಳೆ ಎಲ್ಲಿ ಬೇಕಾದರೂ ಬದುಕುತ್ತದೆ. ಇದಕ್ಕೆ ಹುಟ್ಟಿನಿಂದಲೇ ಹಲವು ಆಂಟಿಬಯೋಟಿಕ್‌ಗಳ ವಿರುದ್ಧ ರಕ್ಷೆ ಇದೆ. ಮನೆಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್ ಇದಕ್ಕೆ ತಾಕುವುದೇ ಇಲ್ಲ. ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವ ಅಜಿತ್ರೊಮೈಸಿನ್ ಆಗಲಿ, ಸಿಫಿಕ್ಸಿಮ್ ಆಗಲಿ ಇದರ ಮೇಲೆ ಕೆಲಸ ಮಾಡುವುದಿಲ್ಲ. ಹಾಗಾದರೆ ಹೋದ ವರ್ಷ ಕೊಟ್ಟಾಗ ವಾಸಿಯಾಯಿತಲ್ಲ ಎನ್ನುತ್ತೀರಿ. ಕೆಲವು ಕಿವಿನೋವು ನೀರಿನಿಂದ ದೂರವಿದ್ದರೆ ತಾನಾಗಿಯೇ ಇಳಿಯುತ್ತದೆ. ಹೊಗಳಿಕೆ ಮಾತ್ರೆಗೆ ಸಿಗುತ್ತದೆ.

ಮಾತ್ರೆ ಕಿವಿಗೆ ಏನೂ ಮಾಡಲಿಲ್ಲ, ಸರಿ. ಆದರೆ ಅದು ಸುಮ್ಮನೆ ಕೂರಲಿಲ್ಲ. ಮಗುವಿನ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದಿತು. ಅಲ್ಲಿ ಮೂಲೆಯಲ್ಲಿದ್ದ ನಾಲ್ಕಾರು ನಿರೋಧಿಗಳಿಗೆ ಜಾಗ ಮಾಡಿಕೊಟ್ಟಿತು. ಮುಂದೊಂದು ದಿನ ಅದೇ ಮಗುವಿಗೆ ನಿಜವಾಗಿ ಅಮಾಕ್ಸಿಸಿಲಿನ್ ಬೇಕಾದಾಗ ಅದು ಕೆಲಸ ಮಾಡದಿರಬಹುದು. ಆ ನಿರೋಧಿಗಳು ಮಲದ ಮೂಲಕ ಚರಂಡಿಗೆ, ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಹೋಗುತ್ತವೆ. ಹೊಳೆಯಲ್ಲಿ ಮತ್ತೊಬ್ಬರ ಮಗು ಈಜುತ್ತಿರುತ್ತದೆ.

ಈಜುಗಾರರ ಕಿವಿಗೆ ಬೇಕಾದದ್ದು ಸಾಮಾನ್ಯವಾಗಿ ನುಂಗುವ ಮಾತ್ರೆಯಲ್ಲ, ಕಿವಿಗೆ ಹಾಕುವ ಹನಿ. ರಕ್ತದ ಮೂಲಕ ಸುತ್ತಿ ಬರುವ ಮಾತ್ರೆಗಿಂತ ಎಷ್ಟೋ ಪಟ್ಟು ಹೆಚ್ಚು ಔಷಧಿ ಹನಿಯಿಂದ ನೇರವಾಗಿ ಗಾಯಕ್ಕೆ ತಲುಪುತ್ತದೆ, ಕರುಳಿಗೆ ತೊಂದರೆಯಿಲ್ಲ. ಆದರೆ ಹನಿಯನ್ನೂ ವೈದ್ಯರು ಕಿವಿಯೊಳಗೆ ನೋಡಿಯೇ ಬರೆಯಬೇಕು. ತಮಟೆ ಹರಿದಿದ್ದರೆ ಕೆಲವು ಹನಿಗಳು ಕೇಳುವ ನರಕ್ಕೇ ಪೆಟ್ಟು ಕೊಡುತ್ತವೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ನಮ್ಮ ಅಜ್ಜಿಯರ ಮದ್ದು. ಅಜ್ಜಿಯ ಪ್ರೀತಿಯ ಬಗ್ಗೆ ಎರಡು ಮಾತಿಲ್ಲ, ಆದರೆ ಸೋರುತ್ತಿರುವ ಕಿವಿಗೆ ಅದು ಬೇಡ.

ಮಕ್ಕಳ ಕಿವಿಯಾದರೆ ಹೆಚ್ಚಿನ ಸಲ ಒಂದು ವಾರದ ಕಷ್ಟ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಮಾತು ಬೇರೆ. ವಯಸ್ಸಾದ ಮಧುಮೇಹಿಗಳಲ್ಲಿ ಇದೇ ಸ್ಯೂಡೋಮೊನಾಸ್ ಕಿವಿಯ ಚರ್ಮ ದಾಟಿ ತಲೆಬುರುಡೆಯ ಎಲುಬಿಗೆ ಇಳಿಯುವುದುಂಟು. ಈಜಿನಿಂದಲೇ ಬರಬೇಕೆಂದಿಲ್ಲ, ಗುಗ್ಗೆ ತೆಗೆಸಲು ಕಿವಿಗೆ ನೀರು ಹೊಡೆಸಿದ ಮೇಲೂ ಬರುತ್ತದೆ. ರಾತ್ರಿ ನಿದ್ದೆಗೆಡಿಸುವ ನೋವು, ನಿಲ್ಲದ ಸೋರಿಕೆ, ಕೊನೆಗೆ ಮುಖದ ಒಂದು ಬದಿ ಸೊಟ್ಟಗಾಗುವುದು. ಅಮೆರಿಕದ ವೈದ್ಯ ಚಾಂಡ್ಲರ್ 1968ರಲ್ಲಿ ಇದನ್ನು ವಿವರವಾಗಿ ಬರೆದ ಕಾಲದಲ್ಲಿ ಇದು ಬಹಳ ಜನರನ್ನು ಬಲಿ ತೆಗೆದುಕೊಳ್ಳುತ್ತಿತ್ತು. 1980ರ ದಶಕದ ಕೊನೆಗೆ ಸಿಪ್ರೊಫ್ಲೊಕ್ಸಾಸಿನ್ ಎಂಬ ಮಾತ್ರೆ ಬಂತು. ಸ್ಯೂಡೋಮೊನಾಸ್ ಮೇಲೆ ಕೆಲಸ ಮಾಡುವ, ಬಾಯಲ್ಲಿ ನುಂಗಬಹುದಾದ ಔಷಧಿ. ವಾರಗಟ್ಟಲೆ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿಸಿಕೊಂಡು ಮಲಗಬೇಕಾದವರಲ್ಲಿ ಹಲವರು ಮನೆಯಲ್ಲೇ ಗುಣವಾಗುವಂತಾಯಿತು. ಇಂದು ಸಿಪ್ರೊಫ್ಲೊಕ್ಸಾಸಿನ್‌ಗೂ ಬಗ್ಗದ ಸ್ಯೂಡೋಮೊನಾಸ್ ಹೆಚ್ಚುತ್ತಿದೆ. ಮತ್ತೆ ಆಸ್ಪತ್ರೆ, ಮತ್ತೆ ಸೂಜಿ.

ಈ ಸಿಪ್ರೊಫ್ಲೊಕ್ಸಾಸಿನ್‌ನ ಕಥೆಯ ಒಂದು ಅಧ್ಯಾಯ ನಮ್ಮ ತೆಲಂಗಾಣದಲ್ಲೇ ಇದೆ. ಹೈದರಾಬಾದಿನ ಹೊರವಲಯದ ಪಟಾನ್‌ಚೆರುವಿನ ಸುತ್ತ ಔಷಧ ಕಾರ್ಖಾನೆಗಳು ಸಾಲುಗಟ್ಟಿವೆ. ಜಗತ್ತಿನ ಎಷ್ಟೋ ದೇಶಗಳ ರೋಗಿಗಳು ನುಂಗುವ ಮಾತ್ರೆಯ ಮೂಲವಸ್ತು ಅಲ್ಲಿಂದ ಹೋಗುತ್ತದೆ. ಸುಮಾರು 90 ಕಾರ್ಖಾನೆಗಳ ಕೊಳೆನೀರು ಬಂದು ಸೇರುತ್ತಿದ್ದ ಸಾಮೂಹಿಕ ಸಂಸ್ಕರಣಾ ಘಟಕ ಅಲ್ಲಿತ್ತು. ಸ್ವೀಡನ್ನಿನ ವಿಜ್ಞಾನಿ ಯೋಕಿಂ ಲಾರ್ಸನ್ ಮತ್ತು ಸಂಗಡಿಗರು ಆ ಘಟಕದಿಂದ ಹೊರಬೀಳುವ, ಅಂದರೆ ‘ಶುದ್ಧ’ವಾದ ನೀರನ್ನೇ ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಲೀಟರಿನಲ್ಲಿ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲೊಕ್ಸಾಸಿನ್ ಇತ್ತು. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಅದು ಹೆಚ್ಚು. ದಿನಕ್ಕೆ ಸುಮಾರು 45 ಕಿಲೊ ಔಷಧಿ ಹೀಗೆ ಹರಿದುಹೋಗುತ್ತಿದೆ ಎಂದು ಲೆಕ್ಕ ಹಾಕಿದರು. ಆಗ ತೊಂಬತ್ತು ಲಕ್ಷ ಜನರಿದ್ದ ಇಡೀ ಸ್ವೀಡನ್ ದೇಶ ಐದು ದಿನದಲ್ಲಿ ಬಳಸುತ್ತಿದ್ದಷ್ಟು.

ಇದರ ಅರ್ಥ ಏನೆಂದು ಯೋಚಿಸಿ. ಆ ನೀರಿನಲ್ಲಿ ಸಾಮಾನ್ಯ ಬ್ಯಾಕ್ಟೀರಿಯಾ ಬದುಕಲಾರದು. ಬದುಕುವುದು ನಿರೋಧಿ ಮಾತ್ರ. ಯಾರೂ ಬಿತ್ತದೆ ನಿರೋಧಿಗಳ ಬೆಳೆ ತೆಗೆದಂತಾಯಿತು. ಅದೇ ಪ್ರದೇಶದ ಕಾಜಿಪಲ್ಲಿ ಕೆರೆಯ ಕೆಸರನ್ನು ಪರೀಕ್ಷಿಸಿದಾಗ, ನಿರೋಧದ ಜೀನುಗಳು ಸ್ವೀಡನ್ನಿನ ಒಂದು ಕೆರೆಗಿಂತ ಸುಮಾರು 7000 ಪಟ್ಟು ಹೆಚ್ಚಿದ್ದವು ಎಂದು 2014ರಲ್ಲಿ ವರದಿಯಾಯಿತು. ಹಲವು ಕಾರ್ಖಾನೆಗಳು ಆಮೇಲೆ ಸುಧಾರಿಸಿಕೊಂಡಿವೆ. ಕಾರ್ಖಾನೆಯ ನೀರಿನಲ್ಲಿ ಯಾವ ಆಂಟಿಬಯೋಟಿಕ್ ಎಷ್ಟಿರಬಹುದು ಎಂದು ಮಿತಿ ಹಾಕುವ ಕರಡನ್ನು ಕೇಂದ್ರ ಪರಿಸರ ಸಚಿವಾಲಯ 2020ರ ಜನವರಿಯಲ್ಲಿ ಹೊರಡಿಸಿತ್ತು. 2021ರ ಅಂತಿಮ ನಿಯಮದಲ್ಲಿ ಆ ಮಿತಿಗಳು ಕಾಣಿಸಲಿಲ್ಲ. ಕೆಲಸ ಕೊಡುವ ಕಾರ್ಖಾನೆ ಬೇಡ ಎನ್ನುವವರು ಯಾರೂ ಇಲ್ಲ. ಅಳತೆಗೋಲು ಇರಲಿ ಎಂದು ಕೇಳುವುದು ಅತಿಯಾಸೆಯೇ?

ಪಟಾನ್‌ಚೆರುವಿನ ನೀರು ಮಂಜೀರಾ ಹಿಡಿದು ಗೋದಾವರಿಗೆ ಹೋಗುತ್ತದೆ. ಹೈದರಾಬಾದಿನ ಮೂಸಿ ಕೃಷ್ಣೆಗೆ ಸೇರುವುದು ನಲ್ಗೊಂಡ ಕಡೆ, ಇಟಿಕ್ಯಾಲದಿಂದ ಬಹಳ ಕೆಳಗೆ. ಹಾಗಾಗಿ ನಡಿಗಡ್ಡೆಯವರು ನಿಟ್ಟುಸಿರು ಬಿಡಬಹುದು ಎನಿಸುತ್ತದೆ. ಆದರೆ ನಮ್ಮ ಕೃಷ್ಣೆ ಮಹಾರಾಷ್ಟ್ರದಲ್ಲಿ ಹುಟ್ಟಿ ದಾರಿಯುದ್ದಕ್ಕೂ ಊರುಗಳನ್ನು ದಾಟಿ ಬರುತ್ತಾಳೆ. ಪುಣೆ ನಗರದ ಕೊಳೆಯನ್ನು ಹೊತ್ತ ಮುಳಾ–ಮುಠಾ ಭೀಮೆಗೆ ಸೇರುತ್ತದೆ, ಆ ಭೀಮೆ ರಾಯಚೂರು ಮತ್ತು ಮಕ್ತಲ್ ಸೀಮೆಯ ಗಡಿಯಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಅಲ್ಲಿಂದ ಜುರಾಲಾ, ಜುರಾಲಾದಿಂದ ಕಾಲುವೆ ಮತ್ತು ಬೀಚುಪಲ್ಲಿ. ಮಳೆಗಾಲದ ತುಂಬು ಹೊಳೆಯಲ್ಲಿ ಎಲ್ಲವೂ ತೆಳುವಾಗುತ್ತದೆ. ಮಕ್ಕಳು ಈಜುವುದು ಬೇಸಿಗೆಯಲ್ಲಿ, ಹರಿವು ಇಳಿದು ಬಂಡೆಗಳ ನಡುವೆ ಮಡು ನಿಂತಾಗ. ಆಗ ಊರಿನ ಚರಂಡಿ ಬಂದು ಸೇರುವ ಜಾಗ ಎಲ್ಲಿದೆ ಎಂಬುದೇ ಮುಖ್ಯ ಪ್ರಶ್ನೆ. ಇಳಿಯುವುದಾದರೆ ಅದರ ಮೇಲ್ಗಡೆ, ಹರಿಯುವ ನೀರಿಗೆ ಇಳಿಯಿರಿ.

ಜನ ಸೇರಿದ ಕಡೆ ಏನಾಗುತ್ತದೆ ಎಂಬುದನ್ನು ಗಂಗೆಯಲ್ಲಿ ನೋಡಿದ್ದಾರೆ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯ ಮತ್ತು ದೆಹಲಿಯ ಐಐಟಿಯವರು ಋಷಿಕೇಶ, ಹರಿದ್ವಾರಗಳಲ್ಲಿ ಮಾಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಯಾತ್ರಿಕರು ತುಂಬುವ ತಿಂಗಳಲ್ಲಿ ಎನ್‌ಡಿಎಂ-1 ಎಂಬ ನಿರೋಧದ ಜೀನು ಉಳಿದ ಕಾಲಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ತಪ್ಪು ಮುಳುಗುವ ಭಕ್ತನದಲ್ಲ. ಸಣ್ಣ ಊರಿನ ಕೊಳೆನೀರಿನ ವ್ಯವಸ್ಥೆ ಲಕ್ಷಾಂತರ ಜನರ ಕಕ್ಕಸನ್ನು ತಾಳಲಾರದೆ ಹೊಳೆಗೆ ಬಿಟ್ಟುಬಿಡುತ್ತದೆ. 2016ರ ಆಗಸ್ಟಿನ ಕೃಷ್ಣಾ ಪುಷ್ಕರದಲ್ಲಿ ಬೀಚುಪಲ್ಲಿಯ ಘಾಟಿನಲ್ಲಿ ಎಂಥ ಜನ ಸೇರಿತ್ತೆಂದು ನೋಡಿದವರಿಗೆ ಗೊತ್ತು. ಹನ್ನೆರಡು ವರ್ಷಕ್ಕೊಮ್ಮೆ ಬರುವ ಪುಷ್ಕರ ಮತ್ತೆ 2028ರಲ್ಲಿ. ಘಾಟು ಕಟ್ಟಿಸುವ ಮೊದಲು ಶೌಚಾಲಯ ಕಟ್ಟಿಸಿ ಎಂದು ಈಗಲೇ ಗ್ರಾಮ ಪಂಚಾಯಿತಿಯಲ್ಲಿ ಕೇಳಬಹುದು. ಆ ನೀರು ಹಿಂದೂ, ಕ್ರೈಸ್ತ, ಮುಸ್ಲಿಂ ಎನ್ನದೆ ಎಲ್ಲರ ಹೊಲಕ್ಕೂ ಬರುತ್ತದೆ.

ಎನ್‌ಡಿಎಂ-1 ಎಂದೆನಲ್ಲ, ಅದು ಬಹಳ ಬಲವಾದ, ಆಸ್ಪತ್ರೆಯವರು ಕೊನೆಗೆಂದು ಎತ್ತಿಟ್ಟುಕೊಳ್ಳುವ ಕಾರ್ಬಾಪೆನಮ್ ಔಷಧಿಗಳನ್ನು ಮುರಿಯುವ ಕಿಣ್ವ. ಹೆಸರಿನಲ್ಲಿ ‘ನ್ಯೂ ಡೆಲ್ಲಿ’ ಇರುವುದಕ್ಕೆ ನಮ್ಮ ದೇಶದಲ್ಲಿ ಸಿಟ್ಟು ಬಂದದ್ದು ಸಹಜ. ಆದರೆ 2011ರಲ್ಲಿ ದೆಹಲಿಯ 171 ನಿಂತ ನೀರಿನ ಮಾದರಿಗಳಲ್ಲಿ 51ರಲ್ಲಿ, 50 ನಲ್ಲಿ ನೀರಿನ ಮಾದರಿಗಳಲ್ಲಿ 2ರಲ್ಲಿ ಆ ಜೀನು ಸಿಕ್ಕಿತು. ಹೆಸರಿಗೆ ಸಿಟ್ಟಾಗುವುದಕ್ಕಿಂತ ನಲ್ಲಿಯ ಆ ಎರಡಕ್ಕೆ ಸಿಟ್ಟಾಗಬೇಕಿತ್ತು ಎಂದು ನನಗನಿಸುತ್ತದೆ.

ನೀರು ನುಂಗಿದ ಕೂಡಲೇ ಕಾಯಿಲೆ ಬರುತ್ತದೆ ಎಂದಲ್ಲ. ಬಹಳ ಸಲ ಏನೂ ಆಗುವುದಿಲ್ಲ, ನಿರೋಧಿ ಸುಮ್ಮನೆ ಕರುಳಿನಲ್ಲಿ ಬಾಡಿಗೆಗೆ ಕೂರುತ್ತದೆ. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಸಮುದ್ರದ ಅಲೆಯ ಮೇಲೆ ಹಲಗೆ ಹಿಡಿದು ಆಡುವ 143 ಜನರನ್ನೂ ಹಾಗೆ ಆಡದ 130 ಜನರನ್ನೂ ಪರೀಕ್ಷಿಸಿ 2018ರಲ್ಲಿ ವರದಿ ಕೊಟ್ಟರು. ಒಂದು ಮುಖ್ಯ ಆಂಟಿಬಯೋಟಿಕ್‌ಗೆ ಬಗ್ಗದ ಇ. ಕೋಲಿ ಬ್ಯಾಕ್ಟೀರಿಯಾ ಆಡುವವರಲ್ಲಿ ನೂರಕ್ಕೆ 9 ಜನರ ಕರುಳಿನಲ್ಲಿತ್ತು, ಆಡದವರಲ್ಲಿ ನೂರಕ್ಕೆ 3 ಜನರಲ್ಲಿ. ಅವರೆಲ್ಲ ಆರೋಗ್ಯವಾಗಿಯೇ ಇದ್ದವರು. ಆದರೆ ಆ ಬಾಡಿಗೆದಾರ ಮಗುವಿನ ಕೈಯಿಂದ ಅದೇ ಮನೆಯ ಬಾಣಂತಿಗೆ, ಕೂಸಿಗೆ, ಮೂತ್ರಕ್ಕೆ ನಳಿಕೆ ಹಾಕಿಸಿಕೊಂಡು ಮಲಗಿರುವ ತಾತನಿಗೆ ದಾಟಬಹುದು. ಅದಕ್ಕೇ ನೀರಾಟ ಮುಗಿಸಿ ಬಂದ ಮಕ್ಕಳಿಗೆ ಸೋಪು ಹಚ್ಚಿ ಕೈ ತೊಳೆಸಿ ಆಮೇಲೆ ಕೂಸನ್ನು ಎತ್ತಿಕೊಳ್ಳಲು ಬಿಡಿ.

ಇನ್ನು ಈಜುಕೊಳ. ಒಂದು ಸಮಾಧಾನದ ಸಂಗತಿ ಹೇಳುತ್ತೇನೆ. ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಸಾಮಾನ್ಯವಾಗಿ ಬಗ್ಗುತ್ತದೆ. ಆಂಟಿಬಯೋಟಿಕ್ ಬ್ಯಾಕ್ಟೀರಿಯಾದ ಯಾವುದೋ ಒಂದು ಕೀಲನ್ನು ಹುಡುಕಿ ಮುರಿಯುತ್ತದೆ, ಆ ಕೀಲನ್ನು ಬದಲಾಯಿಸಿಕೊಂಡರೆ ಅದು ಬಚಾವು. ಕ್ಲೋರಿನ್ ಹಾಗಲ್ಲ, ಗೋಡೆ, ಕಿಣ್ವ, ಒಳಗಿನ ಸಾಮಾನು ಎಲ್ಲವನ್ನೂ ಸುಡುತ್ತದೆ. ಒಂದು ಲೀಟರಿಗೆ ಒಂದು ಮಿಲಿಗ್ರಾಂ ಕ್ಲೋರಿನ್ ಸರಿಯಾಗಿ ಇರುವ ನೀರಿನಲ್ಲಿ ಇ. ಕೋಲಿ ಒಂದು ನಿಮಿಷದೊಳಗೆ ಸಾಯುತ್ತದೆ. ಕಾಮಾಲೆಯ ಹೆಪಟೈಟಿಸ್ ‘ಎ’ ವೈರಸ್‌ಗೆ ಸುಮಾರು 16 ನಿಮಿಷ, ಜಿಯಾರ್ಡಿಯಾಕ್ಕೆ 45 ನಿಮಿಷ. ಕ್ರಿಪ್ಟೊಸ್ಪೊರಿಡಿಯಂ ಎಂಬ ಭೇದಿ ತರುವ ಪರೋಪಜೀವಿ ಮಾತ್ರ ಹತ್ತು ದಿನಕ್ಕೂ ಹೆಚ್ಚು ಕಾಲ ಜೀವ ಹಿಡಿದುಕೊಂಡಿರುತ್ತದೆ. ಅಮೆರಿಕದಲ್ಲಿ 2000ದಿಂದ 2014ರವರೆಗೆ ಕ್ಲೋರಿನ್ ಹಾಕಿದ ಕೊಳಗಳಂಥ ಕಡೆಗಳಿಂದಲೇ 493 ಸಲ ಕಾಯಿಲೆ ಹಬ್ಬಿತು, 27 ಸಾವಿರಕ್ಕೂ ಹೆಚ್ಚು ಜನ ಮಲಗಿದರು. ಕಾರಣ ಪತ್ತೆಯಾದ ಸೋಂಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಕ್ರಿಪ್ಟೊ ತಂದದ್ದು. ಭೇದಿಯಾಗುತ್ತಿರುವ ಮಗುವನ್ನು ಕೊಳಕ್ಕೆ ಇಳಿಸಲೇಬಾರದು, ನಿಂತ ಮೇಲೂ ಎರಡು ವಾರ ತಡೆಯುವುದು ಒಳ್ಳೆಯದು.

ಕ್ಲೋರಿನ್ ಹಾಕಿದರೆ ಮುಗಿಯಲಿಲ್ಲ, ಉಳಿಸಿಕೊಳ್ಳಬೇಕು. ನಮ್ಮ ಬಿಸಿಲಿಗೆ ತೆರೆದ ಕೊಳದ ಕ್ಲೋರಿನ್ ಕೆಲವೇ ಗಂಟೆಗಳಲ್ಲಿ ಹಾರಿಹೋಗುತ್ತದೆ. ಬೆವರು, ಮೈಗೆ ಹಚ್ಚಿದ ಎಣ್ಣೆ, ಮಕ್ಕಳ (ದೊಡ್ಡವರದೂ) ಮೂತ್ರ ಅದನ್ನು ತಿಂದುಹಾಕುತ್ತವೆ. ಕೊಳದ ಹತ್ತಿರ ಹೋದಾಗ ಕಣ್ಣು ಉರಿಯುವಂಥ ವಾಸನೆ ಬಂದರೆ, ಅಬ್ಬಾ ಚೆನ್ನಾಗಿ ಕ್ಲೋರಿನ್ ಹಾಕಿದ್ದಾರೆ ಎಂದುಕೊಳ್ಳುತ್ತೇವೆ. ಆ ವಾಸನೆ ಕ್ಲೋರಿನ್ ಮೂತ್ರ ಬೆವರುಗಳ ಜೊತೆ ಸೇರಿ ಆದ ಕ್ಲೋರಮೈನ್‌ನದು. ಅಂದರೆ ಕ್ಲೋರಿನ್ ಅಲ್ಲಿ ಸೋಲುತ್ತಿದೆ. ಗೋಡೆ, ಮೆಟ್ಟಿಲು ಕೈಗೆ ಜಾರುವಂತೆ ಲೋಳೆಯಾಗಿದ್ದರೆ ವಾಪಸು ಬನ್ನಿ. ಆ ಲೋಳೆ ಬ್ಯಾಕ್ಟೀರಿಯಾಗಳು ತಮಗಾಗಿ ಕಟ್ಟಿಕೊಂಡ ಮನೆ. ಅದರೊಳಗೆ ಕ್ಲೋರಿನ್ ಸುಲಭವಾಗಿ ಇಳಿಯುವುದಿಲ್ಲ, ಸ್ಯೂಡೋಮೊನಾಸ್‌ಗೆ ಅದೇ ಅರಮನೆ. ಸಾಯದಷ್ಟು ಕಡಿಮೆ ಕ್ಲೋರಿನ್ ಇದ್ದರೆ ಬ್ಯಾಕ್ಟೀರಿಯಾಗಳ ಆ ಹೆಪ್ಪಿನ ಕೊಡುಕೊಳ್ಳುವಿಕೆ ಇನ್ನೂ ಚುರುಕಾಗುತ್ತದೆ ಎಂದು ಪ್ರಯೋಗಶಾಲೆಯಲ್ಲಿ ಕಂಡಿದ್ದಾರೆ.

ಟಿಕೆಟ್ ಕೊಡುವವರನ್ನು ಕೇಳಲು ಸಂಕೋಚ ಬೇಡ. ಇವತ್ತು ಕ್ಲೋರಿನ್ ಎಷ್ಟಿದೆ, ಪಿಎಚ್ ಎಷ್ಟಿದೆ, ಎಷ್ಟು ಗಂಟೆಗೆ ನೋಡಿದಿರಿ? ಕ್ಲೋರಿನ್ ಲೀಟರಿಗೆ ಒಂದು ಮಿಲಿಗ್ರಾಂಗಿಂತ ಕಡಿಮೆಯಿರಬಾರದು, ಪಿಎಚ್ 7.2ರಿಂದ 7.8ರ ನಡುವೆ ಇರಬೇಕು. ಪಿಎಚ್ ಏರಿದರೆ ಕ್ಲೋರಿನ್ ಇದ್ದೂ ಕೆಲಸ ಮಾಡುವುದಿಲ್ಲ. ಒಳ್ಳೆಯ ಕೊಳದವರು ಇದನ್ನು ಹಲಗೆಯ ಮೇಲೆ ಬರೆದು ತೂಗುಹಾಕಿರುತ್ತಾರೆ. ಆಳದ ಕಡೆ ತಳದ ಜಾಲರಿ ಸ್ಪಷ್ಟವಾಗಿ ಕಾಣದಿದ್ದರೆ ಆ ದಿನ ಐಸ್‌ಕ್ರೀಂ ಕೊಡಿಸಿ ಮನೆಗೆ ಕರೆತನ್ನಿ. ಇಳಿಯುವ ಮೊದಲು ಸೋಪು ಹಾಕಿ ಸ್ನಾನ ಮಾಡಿ ಎಂದು ಅವರು ಹೇಳಿದರೆ ಮುಖ ಸಿಂಡರಿಸಬೇಡಿ. ಧರ್ಮಕೇಂದ್ರದ ಬೇಸಿಗೆ ಶಿಬಿರದಿಂದ ಮಕ್ಕಳನ್ನು ಒಟ್ಟಾಗಿ ಕರೆದೊಯ್ಯುವ ಯುವಜನರೂ ಇದನ್ನು ಗಮನಿಸಿದರೆ ಚೆನ್ನ.

ಹೊಲದ ಬಾವಿಗೆ ಈ ಕಾವಲುಗಾರ ಇಲ್ಲ. ಕುಡಿಯುವ ಬಾವಿಯಾದರೆ ಬ್ಲೀಚಿಂಗ್ ಪುಡಿ ಹಾಕಬಹುದು. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿ ಎಂಬುದು ಹಳೆಯ ಲೆಕ್ಕ. ಮೂರು ಮೀಟರ್ ಅಗಲದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಸುಮಾರು 28 ಸಾವಿರ ಲೀಟರ್, ಅಂದರೆ ಸುಮಾರು 70 ಗ್ರಾಂ ಪುಡಿ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಾವಿಯೊಳಗೆ ಇಳಿಸಿ ಚೆನ್ನಾಗಿ ಕದಡಬೇಕು. ಒಂದು ಗಂಟೆ ಆದ ಮೇಲೆ ಬಳಸಬಹುದು. ಪೊಟ್ಟಣ ಬಿಚ್ಚಿಟ್ಟ ಹಳೆಯ ಪುಡಿಯಲ್ಲಿ ಸತ್ವ ಇರುವುದಿಲ್ಲ. ಈಜುವ ದೊಡ್ಡ ಬಾವಿಗೆ, ಕಾಲುವೆಗೆ ಇದು ಆಗದ ಮಾತು. ಅಲ್ಲಿ ಮಕ್ಕಳಿಗೆ ಬಾಯಿ ಮುಚ್ಚಿಕೊಂಡು ಈಜುವುದನ್ನು ಕಲಿಸಿ. ಗಾಯ, ಕಜ್ಜಿ ಇದ್ದವರನ್ನು ಇಳಿಸಬೇಡಿ. ಕಾಲುವೆಯಲ್ಲಿ ಬ್ಯಾಕ್ಟೀರಿಯಾಕ್ಕಿಂತ ಮೊದಲು ಸೆಳೆತ ಕೊಲ್ಲುತ್ತದೆ ಎಂಬುದನ್ನಂತೂ ಇಲ್ಲಿ ಹೇಳದೆ ಇರಲಾರೆ. ದೊಡ್ಡವರಿಲ್ಲದೆ ಬೇಡವೇ ಬೇಡ.

ನೀರಿನ ಮಾತು ಬಂದಾಗ ನಮ್ಮ ದೇವಾಲಯದ ಬಾಗಿಲಲ್ಲಿರುವ ತೀರ್ಥದ ಬಟ್ಟಲನ್ನೂ ನೆನೆಯೋಣ. ಆಸ್ಟ್ರಿಯಾದಲ್ಲಿ ವಿಯೆನ್ನಾ ನಗರದ ಚರ್ಚುಗಳ ಬಟ್ಟಲುಗಳನ್ನೂ ಆ ದೇಶದ 21 ಪವಿತ್ರ ಬುಗ್ಗೆಗಳನ್ನೂ ವೈದ್ಯ ವಿಜ್ಞಾನಿಗಳು ಪರೀಕ್ಷಿಸಿ 2012ರಲ್ಲಿ ವರದಿ ಬರೆದರು. ಬಟ್ಟಲುಗಳಲ್ಲಿ ಬ್ಯಾಕ್ಟೀರಿಯಾ ತುಂಬಿದ್ದವು, ಜನ ಹೆಚ್ಚು ಬರುವ ಚರ್ಚಿನಲ್ಲಿ ಇನ್ನೂ ಹೆಚ್ಚು. ನೂರಾರು ಕೈ ಅದ್ದುವ ನಿಂತ ನೀರಿನಲ್ಲಿ ಇದು ಆಶ್ಚರ್ಯವಲ್ಲ. ಆಶೀರ್ವಾದಕ್ಕೂ ಬ್ಯಾಕ್ಟೀರಿಯಾಕ್ಕೂ ಜಗಳವಿಲ್ಲ. ಬಟ್ಟಲನ್ನು ಉಜ್ಜಿ ತೊಳೆದು ಮೇಲಿಂದ ಮೇಲೆ ನೀರು ಬದಲಿಸುವುದು ದೇವಾಲಯ ಶುಚಿ ಮಾಡುವ ತಾಯಂದಿರಿಗೆ ಹೇಳಿಕೊಡಬೇಕಾದ ಕೆಲಸವಲ್ಲ, ಅವರು ಮಾಡುತ್ತಲೇ ಇದ್ದಾರೆ. ಮನೆಗೆ ಬಾಟಲಿಯಲ್ಲಿ ತಂದ ತೀರ್ಥವನ್ನು ಕಾಯಿಲೆಯವರ ತೆರೆದ ಗಾಯಕ್ಕೆ, ಕಿವಿಗೆ, ಕಣ್ಣಿಗೆ ಬಿಡುವ ಅಭ್ಯಾಸ ಮಾತ್ರ ಬೇಡ. ಹಣೆಗೆ ಹಚ್ಚಿ.

ಕೊನೆಯದಾಗಿ ಔಷಧಿ ಅಂಗಡಿ. ನುಂಗುವ ಆಂಟಿಬಯೋಟಿಕ್ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಇನ್ನೂ ಬಲವಾದ ಕೆಲವನ್ನು 2014ರ ಮಾರ್ಚ್ 1ರಿಂದ ಎಚ್-1 ಎಂಬ ಪಟ್ಟಿಗೆ ಹಾಕಿದ್ದಾರೆ. ಅವನ್ನು ಕೊಂಡವರ ಹೆಸರು, ಬರೆದ ವೈದ್ಯರ ಹೆಸರು ಅಂಗಡಿಯವರು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಪಟ್ಟಿಯ ಹಿಂಬದಿಯಲ್ಲಿ ಉದ್ದಕ್ಕೆ ಒಂದು ಕೆಂಪು ಗೆರೆ ಕಂಡರೆ ಅದು ಚೀಟಿಯ ಔಷಧಿ ಎಂದರ್ಥ, ಓದುಬರಹ ಬಾರದವರೂ ಗುರುತಿಸಬಹುದು. ಕಾನೂನು ಹೀಗಿದ್ದರೂ ಎಷ್ಟೋ ಕಡೆ “ಕಿವಿನೋವಾ? ಇದನ್ನು ಮೂರು ದಿನ ಕೊಡಿ” ಎಂದು ಕತ್ತರಿಯಿಂದ ಆರು ಮಾತ್ರೆ ಕತ್ತರಿಸಿ ಕೊಡುತ್ತಾರೆ. ಡಾಕ್ಟರ ಫೀಸು, ಬಸ್ಸಿನ ಖರ್ಚು, ಒಂದು ದಿನದ ಕೂಲಿ ಉಳಿಯುತ್ತದಲ್ಲ ಎಂದು ನಾವೂ ತೆಗೆದುಕೊಳ್ಳುತ್ತೇವೆ. ಬಡವರ ಈ ಲೆಕ್ಕವನ್ನು ಹೀಯಾಳಿಸುವುದು ಸುಲಭ, ನಾನು ಹೀಯಾಳಿಸುವುದಿಲ್ಲ. ಆದರೆ ಕಿವಿನೋವಿಗೆ ಆ ಆರು ಮಾತ್ರೆಯ ದುಡ್ಡೂ ದಂಡ ಎಂಬುದು ಈಗ ನಿಮಗೆ ತಿಳಿದಿದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ, ಹತ್ತಿರದಲ್ಲಿ ಸಿಸ್ಟರುಗಳ ಆಸ್ಪತ್ರೆಯಿದ್ದರೆ ಅಲ್ಲಿಗೋ ಹೋಗಿ ಕಿವಿ ತೋರಿಸಿ. ವೈದ್ಯರು ಮಾತ್ರೆ ಬರೆದರೆ ಅವರು ಹೇಳಿದಷ್ಟು ದಿನ ಕೊಡಿ, ಹೆಚ್ಚೂ ಬೇಡ ಕಡಿಮೆಯೂ ಬೇಡ. ಉಳಿದದ್ದನ್ನು ಮುಂದಿನ ಸಲಕ್ಕೆಂದು ಗೂಡಿನಲ್ಲಿಡಬೇಡಿ, ಕಕ್ಕಸಿಗೂ ಸುರಿಯಬೇಡಿ.

ಸಕ್ಕರೆ ಕಾಯಿಲೆಯವರ ಕಿವಿನೋವು, ಕಿವಿಯ ಹಿಂದೆ ಬಾವು, ಜ್ವರ, ಮುಖ ಸೊಟ್ಟಗಾಗುವುದು, ಇವುಗಳಲ್ಲಿ ಒಂದು ಕಂಡರೂ ಅಂದೇ ಹೊರಡಬೇಕು. ಉಳಿದ ಮಕ್ಕಳಿಗೆ ಈಜಿ ಬಂದ ಕೂಡಲೇ ತಲೆ ವಾಲಿಸಿ, ಹಾಲೆಯನ್ನು ಮೆಲ್ಲಗೆ ಎಳೆದು ನೀರು ಇಳಿಸಿ, ಒಣ ಟವೆಲಿನ ತುದಿಯಿಂದ ಹೊರಗಷ್ಟೇ ಒರೆಸಿ. ಬೆಂಕಿಕಡ್ಡಿ, ಹೇರ್‌ಪಿನ್ನು, ಹತ್ತಿ ಸುತ್ತಿದ ಕಡ್ಡಿ ಯಾವುದನ್ನೂ ಒಳಗೆ ಹಾಕಬೇಡಿ. ಗುಗ್ಗೆ ಕೊಳೆಯಲ್ಲ, ಕಿವಿಯ ಚರ್ಮಕ್ಕೆ ದೇವರು ಹಚ್ಚಿಟ್ಟ ಎಣ್ಣೆ. ವೈದ್ಯರು ಹನಿ ಕೊಟ್ಟಿದ್ದರೆ ಬಾಟಲಿಯನ್ನು ಅಂಗೈಯಲ್ಲಿ ಎರಡು ನಿಮಿಷ ಹಿಡಿದು ಬೆಚ್ಚಗೆ ಮಾಡಿ. ತಣ್ಣಗಿನ ಹನಿ ಬಿದ್ದರೆ ಮಗುವಿಗೆ ತಲೆ ಸುತ್ತುತ್ತದೆ. ಹಾಕಿದ ಮೇಲೆ ಐದು ನಿಮಿಷ ಮಗ್ಗುಲಾಗಿ ಮಲಗಿಸಿ. ನೋವು ಹೋಗಿ ವೈದ್ಯರು ಸರಿ ಎನ್ನುವವರೆಗೆ ಬಾವಿಯೂ ಬೇಡ, ಕೊಳವೂ ಬೇಡ.